ತಲೆ ವಿಟ್‌ವರ್ಥ್, ಮೈ ಮೆಟ್ರಿಕ್: ಹಳೆ ಎಂಜಿಯ ಕಂಪನಿ ಬೋಲ್ಟು ಗುರುತಿಸಿದ ಕಥೆ

ಎಂಟು ಮಿಲಿಮೀಟರ್ ಬೋಲ್ಟು ಕಾರವಾರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಕಾರಿನ ಎಂಜಿನ್ನಿಗೆ ಬೇಕಾದದ್ದೂ ಎಂಟು ಮಿಲಿಮೀಟರ್ ಬೋಲ್ಟೇ. ಆದರೆ ಅಂಗಡಿಯದನ್ನು ತಂದು ಹಾಕಿದರೆ ಒಂದೆರಡು ಸುತ್ತು ಹೋಗಿ ಗಕ್ಕನೆ ನಿಲ್ಲುತ್ತದೆ. ಇರುವುದನ್ನು ಬಿಚ್ಚೋಣ ಅಂದರೆ 13ರ ಪಾನಾ ತಲೆಗೆ ಕೂರುವುದೇ ಇಲ್ಲ, 14ರದ್ದು ಜಾರುತ್ತದೆ.

ಕಾರು ಎಂಜಿ ಟಿಡಿ. ಎರಡು ಸೀಟಿನ ತೆರೆದ ಗಾಡಿ, 1250 ಸಿಸಿ ಎಂಜಿನ್. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1949ರ ಕೊನೆಯಿಂದ 1953ರವರೆಗೆ ತಯಾರಾಯಿತು. ಒಟ್ಟು ಮೂವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ಗಾಡಿ ಹೊರಬಂದವು, ಜಾಸ್ತಿ ಪಾಲು ಅಮೆರಿಕಕ್ಕೇ ಹೋದವು. ನಮ್ಮದು ಗೋವಾಕ್ಕೆ ಬಂದದ್ದು. 1961ರ ತನಕ ಅಲ್ಲಿ ಪೋರ್ಚುಗೀಸರಿದ್ದರಲ್ಲ, ಹೊರದೇಶದ ಕಾರಿಗೆ ಬರ ಇರಲಿಲ್ಲ. ಶಿರಸಿಯ ನನ್ನ ಸೋದರಮಾವ ಮಡಗಾಂವಿನ ಒಬ್ಬರಿಂದ ಅದನ್ನು ಕೊಂಡರು. ಕೆಲವು ವರ್ಷ ಓಡಿಸಿದರು. ಆಮೇಲೆ ಅಡಿಕೆ ಒಣಗಿಸುವ ಅಟ್ಟದ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಮರೆತುಬಿಟ್ಟರು. ಅದು ಲಾರಿ ಮೇಲೆ ದೇವಿಮನೆ ಘಾಟಿ ಇಳಿದು ಕೋಡಿಬಾಗದ ನಮ್ಮ ಮನೆಗೆ ಬಂದಾಗ ಮಾವ ಒಂದೇ ಷರತ್ತು ಹಾಕಿದ್ದರು: "ತಮಾ, ನೀ ಎಂತ ಮಾಡಿದ್ರೂ ಅಡ್ಡಿಲ್ಲೆ. ಕಂಪನಿ ಬೋಲ್ಟು ಮಾತ್ರ ಒಂದೂ ಬಿಸಾಕಡ."

ಸರಿ, ಬಿಸಾಡುವುದಿಲ್ಲ. ಆದರೆ ಕಂಪನಿ ಬೋಲ್ಟು ಯಾವುದು? ಗಾಡಿಗೆ ಎಪ್ಪತ್ತು ವರ್ಷ ದಾಟಿದೆ. ಗೋವಾದ ಗ್ಯಾರೇಜು, ಹುಬ್ಬಳ್ಳಿಯ ಗ್ಯಾರೇಜು, ಶಿರಸಿಯ ಗ್ಯಾರೇಜು, ಎಲ್ಲರೂ ಕೈ ಆಡಿಸಿದ್ದಾರೆ. ಕೈಗೆ ಸಿಕ್ಕಿದ್ದನ್ನು ತುರುಕಿದ್ದಾರೆ. ಎಲ್ಲದಕ್ಕೂ ಒಂದೇ ಬಣ್ಣದ ತುಕ್ಕು, ಒಂದೇ ಬಣ್ಣದ ಗ್ರೀಸು.

ಮೊದಲು ಈ ಎಂಜಿನ್ನಿನ ಜಾತಕ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಕ್ಸ್‌ಪಿಎಜಿ ಅನ್ನುವ ಈ ಎಂಜಿನ್ ತಯಾರಾದದ್ದು ಕವೆಂಟ್ರಿಯ ಮಾರಿಸ್ ಎಂಜಿನ್ ಕಾರ್ಖಾನೆಯಲ್ಲಿ. ಆ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದ್ದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಮಷಿನ್‌ಗನ್ ಮಾಡಲು ಅವರು ಅಲ್ಲಿ ಬಂದು ಕೂತವರು. ಯಂತ್ರ, ಅಚ್ಚು ಎಲ್ಲ ಮೆಟ್ರಿಕ್. ಯುದ್ಧ ಮುಗಿದ ಮೇಲೆ ಮಾರಿಸ್ ಕಾರಿಗೆ ಎಂಜಿನ್ ಮಾಡಿಕೊಟ್ಟರು. 1923ರಲ್ಲಿ ಮಾರಿಸ್‌ನವರು ಕಾರ್ಖಾನೆಯನ್ನೇ ಕೊಂಡುಕೊಂಡರು. ಅಷ್ಟೂ ಯಂತ್ರ ಬದಲಾಯಿಸುವುದು ಯಾರಿಗೆ ಬೇಕು? ಥ್ರೆಡ್, ಅಂದರೆ ಬೋಲ್ಟಿನ ಮೈಯ ಸುರುಳಿ ಗೆರೆ, ಮೆಟ್ರಿಕ್ಕಾಗಿಯೇ ಉಳಿಯಿತು. ಆದರೆ ಇಂಗ್ಲೆಂಡಿನ ಮೆಕ್ಯಾನಿಕ್ಕುಗಳ ಪೆಟ್ಟಿಗೆಯಲ್ಲಿ ಇದ್ದದ್ದು ವಿಟ್‌ವರ್ಥ್ ಎಂಬ ಹಳೆಯ ಬ್ರಿಟಿಷ್ ಇಂಚಿನ ಅಳತೆಯ ಪಾನಾ. ಹಾಗಾಗಿ ಬೋಲ್ಟಿನ ತಲೆಯನ್ನು ವಿಟ್‌ವರ್ಥ್ ಅಳತೆಗೆ ಮಾಡಿದರು. ಮೈ ಫ್ರಾನ್ಸಿನದ್ದು, ತಲೆ ಇಂಗ್ಲೆಂಡಿನದ್ದು. ಎಂಜಿನ್, ಗೇರ್‌ಬಾಕ್ಸ್ ಎರಡರಲ್ಲೂ ಇದೇ ಕಥೆ. ಅದೇ ಕಾರಿನ ಚಾಸಿಯಲ್ಲಿ, ಅಂದರೆ ಅಡಿಯ ಚೌಕಟ್ಟಿನಲ್ಲಿ, ಮಾತ್ರ ಬಿಎಸ್‌ಎಫ್ ಎಂಬ ಶುದ್ಧ ಬ್ರಿಟಿಷ್ ಇಂಚಿನ ಥ್ರೆಡ್.

ಇದರಿಂದ ನಮಗೆ ಸಿಕ್ಕಿದ ಅನುಕೂಲ ಏನೆಂದರೆ, ಇಂಥ ಮಿಶ್ರತಳಿ ಬೋಲ್ಟು ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಗ್ಯಾರೇಜುಗಳಲ್ಲಂತೂ ಇಲ್ಲವೇ ಇಲ್ಲ. ಎಂಜಿನ್ನಿನಲ್ಲಿ ಮೆಟ್ರಿಕ್ ಥ್ರೆಡ್ ಮತ್ತು ವಿಟ್‌ವರ್ಥ್ ತಲೆ ಎರಡೂ ಇದ್ದರೆ ಅದು ಕಾರ್ಖಾನೆಯದ್ದೇ ಇರುವ ಸಾಧ್ಯತೆ ಬಹಳ ಜಾಸ್ತಿ. ಯಾವ ಮುದ್ರೆಗಿಂತಲೂ ಇದು ದೊಡ್ಡ ಸಾಕ್ಷಿ.

ಹಾಗಾದರೆ ಸುಲಭ ಅಲ್ವಾ ಅಂದುಕೊಳ್ಳಬೇಡಿ. ಕಣ್ಣಿಗೆ ಮೋಸ ಮಾಡುವ ಮೂರು ಬೋಲ್ಟುಗಳಿವೆ. ಒಂದು, ಎಂಜಿನ್ನಿನ ಅಸಲಿ: 8 ಮಿಲಿಮೀಟರ್ ದಪ್ಪ, ಒಂದು ಮಿಲಿಮೀಟರ್ ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ). ಎರಡನೆಯದು 5/16 ಇಂಚಿನ ಬಿಎಸ್‌ಎಫ್, ಚಾಸಿಯದ್ದು, ಇಂಚಿಗೆ 22 ಥ್ರೆಡ್. ಮೂರನೆಯದು 5/16 ಇಂಚಿನ ಯುಎನ್‌ಎಫ್, ಇಂಚಿನದೇ ಇನ್ನೊಂದು ಜಾತಿ, ಇಂಚಿಗೆ 24 ಥ್ರೆಡ್. ಇದು ಎಲ್ಲಿಂದ ಬಂತು ಅಂತೀರಾ? ಅಂಬಾಸಿಡರ್‌ನಿಂದ. ಒಂದು ಕಾಲದಲ್ಲಿ ನಮ್ಮ ಕಡೆಯ ಪ್ರತಿ ಗ್ಯಾರೇಜಿನಲ್ಲೂ ಅಂಬಾಸಿಡರ್ ಬೋಲ್ಟಿನ ಡಬ್ಬ ಇರುತ್ತಿತ್ತು. ಎಂಜಿಯ ಬೋಲ್ಟು ಕಳೆದರೆ ಅದೇ ಡಬ್ಬಕ್ಕೆ ಕೈ ಹಾಕಿದ್ದಾರೆ. 5/16 ಇಂಚು ಅಂದರೆ ಎರಡೂವರೆ ಸೂತ್, ಅಂದರೆ 7.94 ಮಿಲಿಮೀಟರ್. ಎಂಟಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ. ಹಾಗಾಗಿ ಅದು ಎಂಜಿನ್ನಿನ ರಂಧ್ರಕ್ಕೆ ಕೈಯಲ್ಲೇ ನಾಲ್ಕೈದು ಸುತ್ತು ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಪಾನಾ ಹಾಕಿ ಎಳೆದರೆ ಪೂರ್ತಿ ಒಳಗೂ ಹೋಗುತ್ತದೆ, ಬ್ಲಾಕಿನ ಥ್ರೆಡ್ ಹಾಳು ಮಾಡಿಕೊಂಡು. ನಮ್ಮ ಎಂಜಿನ್ನಿನ ಆಯಿಲ್ ಸಂಪಿನ (ತಳದ ಎಣ್ಣೆ ತೊಟ್ಟಿಯ) ಸುತ್ತ ಇಂಥ ಕೆಲಸ ಚೆನ್ನಾಗಿಯೇ ನಡೆದಿತ್ತು.

ಇದನ್ನು ಬಿಡಿಸಿ ಹೇಳಿಕೊಟ್ಟವರು ಸಿದ್ದಾಪುರ ಕಡೆಯ ಒಬ್ಬ ಪಂಪ್‌ಸೆಟ್ ಮೇಸ್ತ್ರಿ. ಮಾವನ ತೋಟಕ್ಕೆ ಬರುತ್ತಿದ್ದವರು. ಹಳೆಯ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ರಿಪೇರಿ ಮಾಡಿ ಮಾಡಿ ವಿಟ್‌ವರ್ಥ್ ಅವರಿಗೆ ನೀರು ಕುಡಿದಷ್ಟು ಸುಲಭ. ಇಂಟರ್ನೆಟ್ಟಿನಲ್ಲಿ ಚಾರ್ಟ್ ಹುಡುಕಿ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅವರು ಅದನ್ನು ಮಡಚಿ ಪಕ್ಕಕ್ಕಿಟ್ಟರು. "ಹತ್ತು ಥ್ರೆಡ್ ಅಳೀರಿ ಮಾರಾಯ್ರೇ, ಒಂದು ಅಳತೆ ಯಾರಿಗೂ ಸಿಗೂದಿಲ್ಲ" ಅಂದರು.

ಅದೇ ಸರಿಯಾದ ದಾರಿ. ವರ್ನಿಯರ್ ಹಿಡಿದು ಒಂದು ಥ್ರೆಡ್ಡಿನ ತುದಿಯಿಂದ ಹತ್ತು ಥ್ರೆಡ್ ಆಚೆಯ ತುದಿಗೆ ಅಳೆದರೆ ಅಸಲಿ ಬೋಲ್ಟು ಸರಿಯಾಗಿ 10 ಮಿಲಿಮೀಟರ್ ತೋರಿಸುತ್ತದೆ. ಅಂಬಾಸಿಡರ್‌ನದ್ದು 10.6ರ ಹತ್ತಿರ. ಚಾಸಿಯ ಬಿಎಸ್‌ಎಫ್ 11.5 ದಾಟುತ್ತದೆ. ಈಗಿನ ಅಂಗಡಿಯ ಎಂಟು ಮಿಲಿಮೀಟರ್ ಬೋಲ್ಟಿನ ಪಿಚ್ 1.25, ಹಾಗಾಗಿ ಅದು 12.5. ಒಂದೊಂದೇ ಥ್ರೆಡ್ ನೋಡಿದರೆ ಕಾಣದ ವ್ಯತ್ಯಾಸ ಹತ್ತಕ್ಕೆ ಎದ್ದು ಕಾಣುತ್ತದೆ. ಅಷ್ಟುದ್ದದ ಥ್ರೆಡ್ ಇಲ್ಲದ ಚಿಕ್ಕ ಬೋಲ್ಟಿಗೆ ಮಾತ್ರ ಥ್ರೆಡ್ ಗೇಜ್, ಅಂದರೆ ಥ್ರೆಡ್ಡಿಗೆ ಕೂರಿಸಿ ನೋಡುವ ಹಲ್ಲಿನ ಪಟ್ಟಿ, ಬೇಕು. ಕೊಳ್ಳುವಾಗ ಮೆಟ್ರಿಕ್ ಗೇಜ್ ಒಂದು, 55 ಡಿಗ್ರಿಯ ವಿಟ್‌ವರ್ಥ್ ಗೇಜ್ ಒಂದು, ಎರಡೂ ಕೊಳ್ಳಿ. ಮೆಟ್ರಿಕ್ ಮತ್ತು ಯುಎನ್‌ಎಫ್ ಥ್ರೆಡ್ಡಿನ ಕೋನ 60 ಡಿಗ್ರಿ, ಬಿಎಸ್‌ಎಫ್‌ನದ್ದು ವಿಟ್‌ವರ್ಥ್‌ನಂತೆ 55. ಬೆಳಕಿಗೆ ಹಿಡಿದಾಗ ಗೇಜಿನ ಹಲ್ಲು ಮತ್ತು ಥ್ರೆಡ್ಡಿನ ನಡುವೆ ಸಣ್ಣ ಬಿರುಕು ಕಂಡರೆ ಕೋನ ತಪ್ಪಿದೆ ಎಂದೇ ಅರ್ಥ.

ತಲೆಯ ಅಳತೆಯೂ ಜೊತೆಗೆ ಬೇಕು. ಅಸಲಿಯದ್ದು 0.525 ಇಂಚು, ಅಂದರೆ 13.3 ಮಿಲಿಮೀಟರ್. 5/16 ಯುಎನ್‌ಎಫ್‌ನದ್ದು ಅರ್ಧ ಇಂಚು, 12.7. ಈಗಿನ ಮೆಟ್ರಿಕ್‌ನದ್ದು 13. ವಿಟ್‌ವರ್ಥ್ ಪಾನಾದ ಮೇಲೆ ಬರೆದ ಸಂಖ್ಯೆ ತಲೆಯ ಅಗಲವಲ್ಲ, ಬೋಲ್ಟಿನ ದಪ್ಪ. ಅದಕ್ಕೇ 1/4 ಎಂದು ಬರೆದ ಪಾನಾ ಅರ್ಧ ಇಂಚಿಗಿಂತ ಅಗಲ ಇರುತ್ತದೆ. ನನಗೆ ಇದು ತಲೆಗೆ ಹೋಗಲು ಸ್ವಲ್ಪ ಸಮಯ ಹಿಡಿಯಿತು. ಮೇಸ್ತ್ರಿ ತಮ್ಮ ಹಳೆಯ ಪಾನಾ ಸೆಟ್ ಕೊಟ್ಟರು. ಅದು ಬಂದ ಮೇಲೆ ಒಂದು ತಲೆಯೂ ಸವೆಯಲಿಲ್ಲ. ಹದಿಮೂರು ಬರದಿದ್ದರೆ ಸುತ್ತಿಗೆಯಲ್ಲಿ ಹೊಡೆದು ಕೂರಿಸುವವರನ್ನು ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ.

ಬಿಚ್ಚುವಾಗ ಜಾಗ ತಪ್ಪಬಾರದು. ಕಾರವಾರದಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಗೆ ಕೊರತೆಯೇ? ಬೈತಖೋಲಿನಿಂದ ಮುಚ್ಚಳಗಳನ್ನು ತಂದು ತೊಳೆದೆ. ಸಂಪಿನ ಆಕಾರ, ಟೈಮಿಂಗ್ ಕವರಿನ ಆಕಾರ ಬರೆದು ಬೋಲ್ಟುಗಳನ್ನು ಅದೇ ಜಾಗದಲ್ಲಿ ಚುಚ್ಚಿಟ್ಟೆ. ವಾಸನೆ ಪೂರ್ತಿ ಹೋಗಲಿಲ್ಲ, ಮನೆಯವಳು ಮುಚ್ಚಳಗಳನ್ನು ಅಂಗಳಕ್ಕೇ ಸೀಮಿತ ಮಾಡಿದಳು. ಪೆಟ್ರೋಲು ಮೆತ್ತಿದ ಬೋಲ್ಟು ಚುಚ್ಚಬೇಡಿ, ಥರ್ಮಾಕೋಲ್ ಕರಗುತ್ತದೆ.

ಈ ಚುಚ್ಚಿಟ್ಟ ನಕ್ಷೆ ಎಷ್ಟು ಮುಖ್ಯ ಎಂದು ಆಮೇಲೆ ತಿಳಿಯಿತು. ಬೋಲ್ಟು ತಾನು ಕೂತ ಜಾಗದ ಗುರುತು ಇಟ್ಟುಕೊಂಡಿರುತ್ತದೆ. ತಲೆಯ ಕೆಳಗೆ ವಾಷರ್ ಒತ್ತಿದ ಹೊಳೆಯುವ ಉಂಗುರ, ನಟ್ಟು ನಿಂತ ಕಡೆ ತುಕ್ಕಿಲ್ಲದ ಥ್ರೆಡ್, ಎರಡು ತಗಡುಗಳ ನಡುವೆ ಇದ್ದ ಮೈಯ ಮೇಲೆ ಗೆರೆ. ಆ ಗೆರೆಯ ದೂರ ತಗಡಿನ ದಪ್ಪಕ್ಕೆ ಹೊಂದಬೇಕು. ಹೊಂದದಿದ್ದರೆ ಬೋಲ್ಟು ಅಸಲಿಯೇ ಇರಬಹುದು, ಆದರೆ ಬೇರೆ ಜಾಗದ್ದು. ನಮ್ಮಲ್ಲಿ ಅಂಥವು ಸಿಕ್ಕವು. ಕಾರ್ಖಾನೆಯ ಬೋಲ್ಟೇ, ಆದರೆ ಯಾರೋ ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿ ಕೆಳಗೆ ಮೂರು ವಾಷರ್ ಪೇರಿಸಿದ್ದರು.

ಬಣ್ಣವೂ ಮಾತಾಡುತ್ತದೆ. ಟಿಡಿಯ ಎಂಜಿನ್ನಿಗೆ ಕಾರ್ಖಾನೆಯಲ್ಲಿ ಕಡುಗೆಂಪು ಬಣ್ಣ. ಜೋಡಿಸಿದ ಮೇಲೆ ಹೊಡೆದದ್ದರಿಂದ ಬೋಲ್ಟಿನ ತಲೆಗೂ ಬಣ್ಣ ಬಿದ್ದಿದೆ. ಗ್ರೀಸು ಕೆರೆದಾಗ ತಲೆಯ ಮೂಲೆಯಲ್ಲಿ ಆ ಕೆಂಪು ಕಂಡರೆ ಖುಷಿಯೋ ಖುಷಿ. ಆದರೆ ನಮ್ಮ ಎಂಜಿನ್ನಿಗೆ ನಡುವೆ ಯಾರೋ ಹಸಿರು ಬಣ್ಣ ಬಳಿದಿದ್ದರು. ಹಸಿರಿನ ಕೆಳಗೆ ಕೆಂಪು ಇದ್ದರೆ ಮೊದಲಿನದ್ದು. ಬರೀ ಹಸಿರು ಇದ್ದರೆ ಆ ರಿಪೇರಿಯಲ್ಲಿ ಬಂದದ್ದು. ಏನೂ ಇಲ್ಲದಿದ್ದರೆ ಅದಕ್ಕೂ ಈಚಿನದ್ದು. ಬ್ಲೇಡಿನ ತುದಿಯಲ್ಲಿ ನಿಧಾನ ಕೆರೆದು ನೋಡಬೇಕು.

ತುಕ್ಕು ತೆಗೆಯುವುದೇ ದೊಡ್ಡ ತಲೆನೋವು. ವೈರ್ ಬ್ರಷ್ ಚಕ್ರಕ್ಕೆ ಹಿಡಿದರೆ ಅರ್ಧ ನಿಮಿಷದಲ್ಲಿ ಬೋಲ್ಟು ಹೊಳೆಯುತ್ತದೆ, ತಲೆಯ ಮೇಲಿನ ಅಕ್ಷರಗಳೂ ಅದರೊಂದಿಗೆ ಹೋಗುತ್ತವೆ. ಇನ್ನೊಂದು ಅಪಾಯವೂ ಇದೆ. ಆ ಕಾಲದ ಬ್ರಿಟಿಷ್ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪ ಸಾಮಾನ್ಯ. ಅದರ ಪುಡಿ, ಹೊಗೆ ಎರಡೂ ವಿಷ. ಗ್ರೈಂಡರ್, ಗ್ಯಾಸ್ ಟಾರ್ಚು ಹತ್ತಿರ ತರಲೇಬಾರದು. ನಾನು ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಗ್ರೀಸು ಬಿಡಿಸಿದೆ. ಆಮೇಲೆ ತುಕ್ಕು ಜಾಸ್ತಿ ಇದ್ದವನ್ನು ಕಾಕಂಬಿ ನೀರಿಗೆ ಹಾಕಿದೆ. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು. ಹಳಿಯಾಳ ಕಡೆಯಿಂದ ಬರುವ ಪರಿಚಯದವರು ಒಂದು ಕ್ಯಾನ್ ತಂದುಕೊಟ್ಟರು. ಮಾವ ಜೋನಿ ಬೆಲ್ಲ ಕೊಡುತ್ತೇನೆ ಅಂದರು. ದೋಸೆಗೆ ಹಚ್ಚುವ ಬೆಲ್ಲದಲ್ಲಿ ಬೋಲ್ಟು ನೆನೆಸಲು ಮನಸ್ಸು ಬರಲಿಲ್ಲ.

ಕಾಕಂಬಿ ಅವಸರದ ಕೆಲಸ ಅಲ್ಲ. ವಾರಗಟ್ಟಲೆ ಬೇಕು. ಮೇಲೆ ನೊರೆ ಬರುತ್ತದೆ, ನಾರುತ್ತದೆ. ಆದರೆ ತುಕ್ಕನ್ನಷ್ಟೇ ತಿಂದು ಒಳಗಿನ ಕಬ್ಬಿಣವನ್ನು ಬಿಡುತ್ತದೆ. ಅಕ್ಷರಗಳು ಹಾಗೇ ಉಳಿಯುತ್ತವೆ. ಅಲ್ಯುಮಿನಿಯಂ ಭಾಗ ಮಾತ್ರ ಹಾಕಬೇಡಿ, ಅದನ್ನು ಕೆಡಿಸುತ್ತದೆ. ಲೇಪ ಉಳಿದಿರುವ ಬೋಲ್ಟನ್ನೂ ಹಾಕಬೇಡಿ, ಅದಕ್ಕೆ ಸೀಮೆಎಣ್ಣೆ ಮತ್ತು ಹಳೆ ಹಲ್ಲುಜ್ಜುವ ಬ್ರಷ್ಷೇ ಸಾಕು. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಹಚ್ಚಬೇಕು. ನಮ್ಮ ಉಪ್ಪು ಗಾಳಿಯಲ್ಲಿ, ಅದೂ ಮಳೆಗಾಲದಲ್ಲಿ, ಬರಿ ಉಕ್ಕನ್ನು ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಮತ್ತೆ ಕೇಸರಿ.

ತೊಳೆದ ಮೇಲೆ ಭೂತಗನ್ನಡಿ ಹಿಡಿದು ಕೂತೆ. ಪಕ್ಕದಿಂದ ಟಾರ್ಚ್ ಬಿಟ್ಟರೆ ಸವೆದ ಅಕ್ಷರವೂ ನೆರಳಿನಲ್ಲಿ ಕಾಣುತ್ತದೆ. ಚಾಸಿಯ ಬೋಲ್ಟುಗಳ ಮೇಲೆ 'ಬೀಸ್', 'ಆಟೋ', 'ನ್ಯೂವಾಲ್' ಎಂಬ ಮುದ್ರೆಗಳು ಸಿಕ್ಕವು. ಇವೆಲ್ಲ ಆ ಕಾಲದ ಬ್ರಿಟಿಷ್ ಬೋಲ್ಟುಗಳ ಗುರುತು. ಜೊತೆಗೆ ಆರ್, ಎಸ್, ಟಿ ಎಂಬ ಒಂಟಿ ಅಕ್ಷರ ಇದ್ದರೆ ಅದು ಉಕ್ಕಿನ ಬಲದ ದರ್ಜೆ. ಆರ್ ಅಂದರೆ ಚದರ ಇಂಚಿಗೆ 45 ಟನ್, ಎಸ್ 50, ಟಿ 55. ಸ್ಟೇರಿಂಗ್ ಕಡೆಯ ಬೋಲ್ಟಿಗೆ ಈ ಅಕ್ಷರ ನೋಡದೆ ಬದಲಿ ಹಾಕುವುದು ಜೀವದ ಜೊತೆ ಆಟ.

ಎಂಜಿನ್ನಿನ ಸಣ್ಣ ಬೋಲ್ಟುಗಳಲ್ಲಿ ಎಷ್ಟೋ ತಲೆ ಬೋಳು, ಮುದ್ರೆಯೇ ಇಲ್ಲ. ಅವು ಕಂಪನಿಯದ್ದಲ್ಲ ಅಂತ ಬಿಸಾಡುವವರಿದ್ದಾರೆ. ಥ್ರೆಡ್ ಮತ್ತು ತಲೆಯ ಅಳತೆ ಹೊಂದಿದರೆ, ಕೆಂಪು ಬಣ್ಣ ಇದ್ದರೆ, ಬೋಳು ತಲೆಯೂ ಅಸಲಿಯೇ. ಮುದ್ರೆಯೊಂದನ್ನೇ ನಂಬಿದರೆ ಆಗುವುದು ಹೀಗೆ.

ಇನ್ನು ಯಾವುದು ಖಂಡಿತ ಹೊರಗಿನದ್ದು? ತಲೆಯ ಮೇಲೆ 8.8 (ಈಗಿನ ಮೆಟ್ರಿಕ್ ಬೋಲ್ಟಿನ ಬಲದ ದರ್ಜೆ) ಎಂದಿದ್ದರೆ ಯೋಚನೆಯೇ ಬೇಡ. ಆ ಸಂಖ್ಯೆಯ ಪದ್ಧತಿ ಈ ಕಾರಿನ ನಂತರದ್ದು. ತಲೆಯ ಪಕ್ಕದಲ್ಲಿ ಒಂದಕ್ಕೊಂದು ತಾಗಿದ ಸಣ್ಣ ವೃತ್ತಗಳಿದ್ದರೆ ಅದು ಯುಎನ್‌ಎಫ್ ಜಾತಿ. ಟಿವಿಎಸ್ ಎಂದಿದ್ದರೆ ಮದ್ರಾಸಿನ ಸುಂದರಂ ಫಾಸ್ಟನರ್ಸ್‌ದು. ಅದು ಶುರುವಾದದ್ದೇ 1966ರಲ್ಲಿ. ಒಳ್ಳೆ ಬೋಲ್ಟು, ಆದರೆ ಈ ಕಾರಿನ ಜೊತೆ ಹುಟ್ಟಿದ್ದಲ್ಲ. ನನಗೆ ಮಜಾ ಕೊಟ್ಟದ್ದು ಬಾಗಿಲಿನ ಕಡೆ ಸಿಕ್ಕ ಒಂದು ಜೊತೆ. ಒಂದರ ಮೇಲೆ ಜಿಕೆಎನ್, ಇನ್ನೊಂದರ ಮೇಲೆ ಜಿಕೆಡಬ್ಲ್ಯು. ತುಕ್ಕಿನಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ಮೊದಲನೆಯದು ಇಂಗ್ಲೆಂಡಿನ ಗೆಸ್ಟ್ ಕೀನ್ ನೆಟಲ್‌ಫೋಲ್ಡ್ಸ್. ಎರಡನೆಯದು ಅದರ ಭಾರತದ ಸೋದರ, ಗೆಸ್ಟ್ ಕೀನ್ ವಿಲಿಯಮ್ಸ್. ನಮ್ಮ ಬಡಗಿಗಳು ನೆಟಲ್‌ಫೋಲ್ಡ್ ಸ್ಕ್ರೂ ಅನ್ನುತ್ತಿದ್ದರಲ್ಲ, ಅದು ಇವರದ್ದೇ.

ಬಡಗಿ ಅಂದಾಗ ನೆನಪಾಯಿತು. ಈ ಕಾರಿನ ಬಾಡಿಯ ತಗಡಿನ ಒಳಗೆ ಇರುವುದು ಮರದ ಚೌಕಟ್ಟು. ಕಂಪನಿಯದ್ದು ಆ್ಯಶ್ ಮರ. ಶಿರಸಿಯ ಗೆದ್ದಲು ಅದಕ್ಕೆ ಎಲ್ಲಿಯ ಮರ ಅಂತ ಕೇಳಲಿಲ್ಲ. ಮಾವ ಅರ್ಧದಷ್ಟನ್ನು ಸಾಗವಾನಿಯಲ್ಲಿ ಮಾಡಿಸಿದ್ದರು, ಕೆಲಸ ಚೊಕ್ಕ. ಆ ಭಾಗದಲ್ಲಿ ಜಿಕೆಡಬ್ಲ್ಯು ಬೋಲ್ಟು, ಆ್ಯಶ್ ಉಳಿದ ಭಾಗದಲ್ಲಿ ಜಿಕೆಎನ್. ಮರ ನೋಡಿಯೇ ಬೋಲ್ಟು ಹೇಳಬಹುದು.

ಇಲ್ಲಿ ನನಗೂ ಮಾವನಿಗೂ ವಾದ ಹತ್ತಿಕೊಂಡಿತು. ನಾನು ಹೇಳಿದ್ದು, ಸಾಗವಾನಿ ಉಳಿಯಲಿ, ಅದರ ಜಿಕೆಡಬ್ಲ್ಯು ಬೋಲ್ಟೂ ಉಳಿಯಲಿ, ಅವು ಈ ಕಾರು ನಮ್ಮೂರಲ್ಲಿ ಬದುಕಿದ್ದಕ್ಕೆ ಗುರುತು. ಮಾವನಿಗೆ ಅದು ಬೇಡ. "ಕಂಪನಿದು ಅಂದ್ರೆ ಕಂಪನಿದೇ ಆಗವು. ಎನ್ನ ರಿಪೇರಿ ಎಂತಕ್ಕೆ ತೋರ್ಸದು?" ಅಂದರು. ಕೊನೆಗೆ ಕಣ್ಣಿಗೆ ಬೀಳುವ ಕಡೆ ಇಂಗ್ಲೆಂಡಿನದ್ದು, ಸೀಟಿನ ಕೆಳಗೆ ನಮ್ಮದು ಎಂದು ಒಪ್ಪಂದವಾಯಿತು. ನನಗೆ ಈಗಲೂ ಅದು ಅರೆಮನಸ್ಸಿನ ತೀರ್ಮಾನ ಅನ್ನಿಸುತ್ತದೆ.

ಅಸಲಿ ಎಂದು ಗೊತ್ತಾದದ್ದೆಲ್ಲ ಮತ್ತೆ ಹಾಕಲೂ ಬಾರದು. ಪ್ರತಿ ಬೋಲ್ಟಿಗೂ ಸರಿಯಾದ ಹೊಸ ನಟ್ಟನ್ನು ಕೈಯಲ್ಲೇ ತಿರುಗಿಸಿ ನೋಡಿದೆ. ನಡುವೆ ಬಿಗಿಯಾದರೆ ಬೋಲ್ಟು ಎಳೆದು ಉದ್ದವಾಗಿದೆ ಎಂದು ಅನುಮಾನ. ಮೈಯನ್ನು ವರ್ನಿಯರಿನಲ್ಲಿ ಅಳೆದರೆ ಸೊಂಟ ಸಣ್ಣಗಾಗಿದ್ದು ಕಾಣುತ್ತದೆ. ಅಂಥವು ಡಬ್ಬಕ್ಕೆ. ಕನೆಕ್ಟಿಂಗ್ ರಾಡಿನ ಬೋಲ್ಟುಗಳು ನೋಡಲು ಚೆನ್ನಾಗಿದ್ದರೂ ಡಬ್ಬಕ್ಕೆ. ಈ ಎಂಜಿನ್ನಿನಲ್ಲಿ ಪಿಸ್ಟನ್ ಪಿನ್ನನ್ನು ರಾಡಿನ ಮೇಲ್ತುದಿಯಲ್ಲಿ ಒಂದು ಬೋಲ್ಟೇ ಹಿಡಿದುಕೊಂಡಿರುತ್ತದೆ. ಅದು ತುಂಡಾದರೆ ಪಿನ್ನು ಜಾರಿ ಸಿಲಿಂಡರಿನ ಗೋಡೆ ಗೀರುತ್ತದೆ. ಅಲ್ಲಿ ಹಳೆತನದ ಪ್ರೀತಿ ಬೇಡ. ಎಲ್ಲವನ್ನೂ ಹೊಸದಾಗಿ ಇಂಗ್ಲೆಂಡಿನಿಂದಲೇ ತರಿಸಿದೆ. ಬೋಲ್ಟಿಗಿಂತ ಕೊರಿಯರಿಗೆ ಜಾಸ್ತಿ ದುಡ್ಡು.

ಕಡಿಮೆ ಬಿದ್ದ ಸಂಪಿನ ಬೋಲ್ಟುಗಳನ್ನು ಇಲ್ಲೇ ಮಾಡಿಸಿದೆ. 10 ಮಿಲಿಮೀಟರಿನ 8.8 ಬೋಲ್ಟು ತಂದು, ಲೇತಿನಲ್ಲಿ ಮೈಯನ್ನು ಎಂಟಕ್ಕೆ ಇಳಿಸಿ, ಒಂದು ಮಿಲಿಮೀಟರ್ ಪಿಚ್ಚಿನ ಥ್ರೆಡ್ ಹಾಕಿ, ತಲೆಯನ್ನು 13.3ಕ್ಕೆ ತಂದು, ಮೇಲಿನ ಸಂಖ್ಯೆ ಸಾಣೆ ಹಿಡಿದು ಅಳಿಸಬೇಕು. ಲೇತಿನ ಹುಡುಗ 13.3 ಕೇಳಿ ನಕ್ಕ. "ಹದಿಮೂರೇ ಇರಲಿ ಅಣ್ಣಾ, ಯಾರು ನೋಡ್ತಾರೆ?" ಅಂದ. ಪಾನಾ ನೋಡುತ್ತದೆ ಮಾರಾಯ ಅಂದೆ. ಮುಂದೆ ಯಾರೂ ಇವನ್ನು ಕಾರ್ಖಾನೆಯದ್ದು ಅಂದುಕೊಳ್ಳಬಾರದು, ಅದಕ್ಕೇ ತಲೆಯ ಕೆಳಭಾಗದಲ್ಲಿ ಸಣ್ಣ ಚುಕ್ಕೆ ಹೊಡೆಸಿದ್ದೇನೆ. ಯಾವ ಜಾಗಕ್ಕೆ ಯಾವುದು ಹೋಯಿತು ಎಂಬುದು ಒಂದು ನೋಟ್‌ಬುಕ್ಕಿನಲ್ಲಿದೆ.

ಲೇಪದ ಕೆಲಸ ಇನ್ನೂ ಬಾಕಿ. ಕ್ಯಾಡ್ಮಿಯಂ ಮಾಡುವವರನ್ನು ಹುಡುಕುವ ಗೋಜಿಗೆ ಹೋಗಿಲ್ಲ. ಹುಬ್ಬಳ್ಳಿಯಲ್ಲಿ ಸತುವಿನ ಲೇಪ ಹಾಕಿಸುತ್ತೇನೆ. ಹೊಸ ಸತು ನೀಲಿ ಛಾಯೆಯಲ್ಲಿ ಮಿರಮಿರ ಮಿಂಚುತ್ತದೆ, ಕ್ಯಾಡ್ಮಿಯಂ ಮಾಸಲು ಬೆಳ್ಳಿ. ನಮ್ಮ ಕರಾವಳಿಯ ಗಾಳಿಗೆ ಆ ಮಿಂಚು ಒಂದು ಮಳೆಗಾಲ ಬಾಳಿದರೆ ಹೆಚ್ಚು. ಹಳದಿ ಛಾಯೆಯ ಸತು ಮಾತ್ರ ಬೇಡ ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಅದನ್ನೇ ಹಾಕಿ ಕಳಿಸುತ್ತಾರೆ.

ಈಗ ಡ್ಯಾಶ್‌ಬೋರ್ಡಿಗೆ ಕೈ ಹಾಕಿದ್ದೇನೆ. ಲೂಕಾಸ್ ಕಂಪನಿಯ ಎಲೆಕ್ಟ್ರಿಕ್ ಭಾಗಗಳಲ್ಲಿ ಇರುವುದು ಬಿಎ ಅನ್ನುವ ಇನ್ನೊಂದು ಥ್ರೆಡ್, ಕೋನ ನಲವತ್ತೇಳೂವರೆ ಡಿಗ್ರಿ. ಅದರಲ್ಲಿ ಸೊನ್ನೆ ನಂಬರಿನದ್ದು ಸರಿಯಾಗಿ 6 ಮಿಲಿಮೀಟರ್ ದಪ್ಪ, ಒಂದು ಮಿಲಿಮೀಟರ್ ಪಿಚ್. ಅಂಗಡಿಯ 6 ಮಿಲಿಮೀಟರ್ ಸ್ಕ್ರೂ ಕೂಡ ಅಷ್ಟೇ. ಹತ್ತು ಥ್ರೆಡ್ಡಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಎ ಗೇಜ್ ಮುಂಬೈಯಿಂದ ಬರಬೇಕು.